ಬಿದ್ದ ಗೋಡೆಯ ಬಣ್ಣಗಳು

ಗೋಡೆಗೂ ಕಿವಿಯಿರುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಮಾತು. ಜರ್ಮನಿಯ ಬರ್ಲಿನ್ ನಗರದಲ್ಲಿ ಒಂದು ಗೋಡೆಗೆ ಕಿವಿಯಷ್ಟೇ ಅಲ್ಲ, ಕಾವಲುಗೋಪುರಗಳ ಕಣ್ಣೂ ಇತ್ತು, ಬಂದೂಕು ಹಿಡಿದ ಕೈಯೂ ಇತ್ತು. ಬಾಯಿ ಮಾತ್ರ ಇರಲಿಲ್ಲ. ಬಣ್ಣದ ಡಬ್ಬಿ ಹಿಡಿದು ಬಂದ ಕೆಲವರು ಅದಕ್ಕೆ ಬಾಯಿಯನ್ನೂ ಕೊಟ್ಟರು. ಗೋಡೆ ಬಿದ್ದು ಮೂರು ದಶಕಗಳ ಮೇಲಾಯಿತು. ಆ ಬಾಯಿಂದ ಬಂದ ಮಾತುಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಅಳಿದಿವೆ, ಉಳಿದದ್ದು ಹಳೆಯ ಮಾತೇ ಹೌದೇ? ತಿಳಿಯಬೇಕಾದರೆ ಶ್ಪ್ರೇ ನದಿಯ ದಡದಲ್ಲಿ ಒಂದಷ್ಟು ದೂರ ನಡೆಯಬೇಕು.

ನಗರದ ಪೂರ್ವ ರೈಲು ನಿಲ್ದಾಣದ ಹೆಸರು ಓಸ್ಟ್‌ಬಾನ್‌ಹೋಫ್. ಅಲ್ಲಿ ಇಳಿದು ನದಿಯ ಕಡೆಗೆ ಕೆಲವೇ ನಿಮಿಷ ನಡೆದರೆ ಮ್ಯೂಲೆನ್‌ಸ್ಟ್ರಾಸೆ ಎಂಬ ಅಗಲವಾದ ರಸ್ತೆ ಸಿಗುತ್ತದೆ. ಹೆಸರಿನ ಅರ್ಥ ‘ಗಿರಣಿ ಬೀದಿ’. ರಸ್ತೆಯ ಒಂದು ಮಗ್ಗುಲಿಗೆ ಎರಡಾಳೆತ್ತರದ ಕಾಂಕ್ರೀಟ್ ಗೋಡೆ ಸಾಗುತ್ತದೆ. ಉದ್ದ ಸುಮಾರು 1.3 ಕಿಲೋಮೀಟರ್. ಅದರ ಮೈತುಂಬ ನೂರಕ್ಕೂ ಹೆಚ್ಚು ಚಿತ್ರಗಳು. ಇಲ್ಲಿ ಟಿಕೆಟ್ಟಿಲ್ಲ, ಬಾಗಿಲಿಲ್ಲ, ಮುಚ್ಚುವ ಹೊತ್ತೂ ಇಲ್ಲ. ಮಳೆ ಬಂದರೆ ಚಿತ್ರಗಳೂ ನೆನೆಯುತ್ತವೆ, ನೋಡುವವರೂ ನೆನೆಯುತ್ತಾರೆ. ಅವಸರದವರು ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಿ, ತುದಿಯಲ್ಲಿ ಕಾಣುವ ಕೆಂಪು ಇಟ್ಟಿಗೆಯ ಓಬರ್‌ಬಾಮ್ ಸೇತುವೆಯ ಜೋಡಿ ಗೋಪುರಗಳನ್ನು ತಲುಪಬಹುದು. ಅವಸರವಿಲ್ಲದವರಿಗೆ ಅರ್ಧ ದಿನವೂ ಸಾಲದು.

ಈ ತಾಣದ ಹೆಸರು ಈಸ್ಟ್ ಸೈಡ್ ಗ್ಯಾಲರಿ. ಬರ್ಲಿನ್ ಗೋಡೆಯ ಉಳಿದ ತುಂಡುಗಳಲ್ಲಿ ಇದೇ ಅತಿ ಉದ್ದದ್ದು. ಪ್ರವಾಸಿಗರು ಬರುತ್ತಾರೆ, ಬೇಕಾದ ಚಿತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸೆರೆಯಲ್ಲಿದ್ದ ಜನ ತಮ್ಮ ಸೆರೆಯ ಗೋಡೆಯ ಮೇಲೆಯೇ ಪ್ರತಿಭಟನೆಯ ಚಿತ್ರ ಬರೆದರು ಎಂದು ಅವರಲ್ಲಿ ಅನೇಕರು ತಿಳಿಯುತ್ತಾರೆ. ನಿಜ ಸಂಗತಿ ಬೇರೆ. ಅದನ್ನು ಅರಿಯದಿದ್ದರೆ ಈ ಗೋಡೆಯ ಅರ್ಧ ಕಥೆ ಕೈತಪ್ಪುತ್ತದೆ.

ಭಾನುವಾರ ಬೆಳಗಾಗುವಷ್ಟರಲ್ಲಿ

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಹೋಳಾಯಿತು. 1949ರಲ್ಲಿ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿ ಎಂಬ ಎರಡು ದೇಶಗಳೇ ಆದವು. ಬರ್ಲಿನ್ ಇದ್ದದ್ದು ಪೂರ್ವ ಜರ್ಮನಿಯ ನಡುವೆ. ಆದರೆ ಆ ನಗರವೂ ಎರಡು ಪಾಲು. ಹೀಗಾಗಿ ಪಶ್ಚಿಮ ಬರ್ಲಿನ್ ಎಂಬುದು ಕಮ್ಯುನಿಸ್ಟ್ ಆಳ್ವಿಕೆಯ ನಡುವಿನ ಒಂದು ದ್ವೀಪವಾಯಿತು. ಪೂರ್ವದವರು ಪಶ್ಚಿಮಕ್ಕೆ ದಾಟಿ ಹೋಗಲು ಆ ನಗರವೇ ಸುಲಭದ ಬಾಗಿಲು. 1961ರವರೆಗೆ 25 ಲಕ್ಷಕ್ಕೂ ಹೆಚ್ಚು ಜನ ಪೂರ್ವ ಜರ್ಮನಿಯನ್ನು ಬಿಟ್ಟು ಹೋದರು. ಹೋದವರಲ್ಲಿ ವೈದ್ಯರು, ಎಂಜಿನಿಯರರು, ಶಿಕ್ಷಕರು, ಓದು ಮುಗಿಸಿದ ತರುಣರು ಬಹಳ ಮಂದಿ.

1961ರ ಆಗಸ್ಟ್ 13, ಭಾನುವಾರ. ಜನ ಎದ್ದು ಕಿಟಕಿ ತೆರೆಯುವಷ್ಟರಲ್ಲಿ ಬೀದಿಗಳಿಗೆ ಅಡ್ಡಲಾಗಿ ಮುಳ್ಳುತಂತಿ ಬಿದ್ದಿತ್ತು. ಕೆಲವೇ ದಿನಗಳಲ್ಲಿ ತಂತಿಯ ಜಾಗದಲ್ಲಿ ಕಲ್ಲು, ಕಾಂಕ್ರೀಟು ಬಂದವು. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಈ ಗಡಿಯ ಉದ್ದ ಸುಮಾರು 155 ಕಿಲೋಮೀಟರ್. ಅದರಲ್ಲಿ 43 ಕಿಲೋಮೀಟರ್ ನಗರದ ಎದೆಯನ್ನೇ ಸೀಳಿಕೊಂಡು ಹೋಗುತ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಹಳೆಯ ಗೋಡೆ ತೆಗೆದು ಹೊಸ ಬಗೆಯ ಹಲಗೆಗಳನ್ನು ನಿಲ್ಲಿಸಿದರು. ಒಂದೊಂದು ಹಲಗೆ 3.6 ಮೀಟರ್ ಎತ್ತರ, 1.2 ಮೀಟರ್ ಅಗಲ. ಹತ್ತುವವರ ಕೈಗೆ ಹಿಡಿತ ಸಿಗದಿರಲೆಂದು ನೆತ್ತಿಯ ಮೇಲೆ ದುಂಡನೆಯ ಕೊಳವೆ. ಹಲಗೆಯ ಮೈ ಮಾತ್ರ ಬಲು ನುಣುಪು. ಬಣ್ಣ ಬಳಿಯುವವರಿಗೆ ಇದಕ್ಕಿಂತ ಒಳ್ಳೆಯ ಮೈ ಬೇಕೇ? ಕಟ್ಟಿಸಿದವರಿಗೆ ಆ ಯೋಚನೆ ಹೊಳೆದಿರಲಾರದು.

ಗೋಡೆ ಎಂದು ಒಂದೇ ಹೆಸರು ಹೇಳಿದರೂ ಅಲ್ಲಿ ಇದ್ದದ್ದು ಎರಡು ಗೋಡೆಗಳು. ಪಶ್ಚಿಮಕ್ಕೆ ಮುಖ ಮಾಡಿದ ಹೊರಗೋಡೆ ಒಂದು, ಪೂರ್ವದವರಿಗೆ ಕಾಣುವ ಒಳಗೋಡೆ ಇನ್ನೊಂದು. ನಡುವೆ ಮರಳು, ದೀಪ, ಕಾವಲುಗೋಪುರ, ಗಸ್ತಿನ ದಾರಿ. ಜನ ಅದನ್ನು ಸಾವಿನ ಪಟ್ಟಿ ಎನ್ನುತ್ತಿದ್ದರು. 28 ವರ್ಷಗಳಲ್ಲಿ ಈ ಗೋಡೆಯ ಬಳಿ ಜೀವ ಕಳೆದುಕೊಂಡವರು ಕಡಿಮೆಯೆಂದರೂ 140 ಮಂದಿ.

ಗಿರಣಿ ಬೀದಿಯ ಹತ್ತಿರ ನದಿಯೇ ಗಡಿ. ನದಿಯ ಪೂರ್ತಿ ಅಗಲ ಪೂರ್ವ ಬರ್ಲಿನ್ನಿಗೆ ಸೇರಿದ್ದು. ಆಚೆಯ ದಡ ಮಾತ್ರ ಪಶ್ಚಿಮ ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್ ಬಡಾವಣೆ. ಆ ದಡದಲ್ಲಿ ಆಡುತ್ತಿದ್ದ ಮಕ್ಕಳು ಕಾಲು ಜಾರಿ ನೀರಿಗೆ ಬಿದ್ದರೆ ಅವರು ಬಿದ್ದದ್ದು ಬೇರೆ ದೇಶದ ನೀರಿಗೆ! ದಡದಲ್ಲಿ ನಿಂತವರು ಇಳಿದು ಎತ್ತುವಂತಿಲ್ಲ. ಎದುರಿನ ಕಾವಲುಗಾರರ ಗುಂಡಿನ ಭಯ. ಹೀಗೆ ಹಲವು ಮಕ್ಕಳು ಮುಳುಗಿದರು. 1975ರಲ್ಲಿ ಚೆಂಡಿನ ಹಿಂದೆ ಹೋದ ಒಬ್ಬ ಬಾಲಕ ತನ್ನ ಐದನೆಯ ಹುಟ್ಟುಹಬ್ಬದ ದಿನವೇ ನೀರುಪಾಲಾದ. ಆ ವರ್ಷದ ಕೊನೆಯೊಳಗೆ ಎರಡೂ ಕಡೆಯವರು ಇಂಥ ಹೊತ್ತಿನಲ್ಲಿ ಜೀವ ಉಳಿಸುವ ಬಗ್ಗೆ ಒಂದು ಒಪ್ಪಂದಕ್ಕೆ ಬಂದರು. ಇಂದು ಪ್ರವಾಸಿಗರು ನದಿಯ ಗಾಳಿಗೆ ಕೂತು ಐಸ್‌ಕ್ರೀಮ್ ತಿನ್ನುವ ಜಾಗದ ಎದುರಿನ ದಡ ಅದು.

ಒಂದು ಮಗ್ಗುಲಿಗೆ ಬಣ್ಣ, ಇನ್ನೊಂದಕ್ಕೆ ಸುಣ್ಣ

ಗ್ಯಾಲರಿಯಾಗಿ ಉಳಿದಿರುವುದು ಪೂರ್ವದವರಿಗೆ ಕಾಣುತ್ತಿದ್ದ ಒಳಗೋಡೆ. ಗಿರಣಿ ಬೀದಿಯಲ್ಲಿ ಸರ್ಕಾರದ ಅತಿಥಿಗಳ ವಾಹನಗಳು ಓಡಾಡುತ್ತಿದ್ದುದರಿಂದ ಒಳಗೋಡೆಗೂ ಹೊರಗೋಡೆಯದೇ ಎತ್ತರದ ಹಲಗೆಗಳನ್ನು ಹಾಕಿದ್ದರು. 1989ರವರೆಗೆ ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ಅಚ್ಚ ಬಿಳಿ. ಓಡಿಹೋಗಲು ಬಂದವನ ಆಕಾರ ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆ. ಅದರ ಹತ್ತಿರ ಕುಂಚ ಹಿಡಿದು ನಿಲ್ಲುವ ಧೈರ್ಯ ಯಾರಿಗಿತ್ತು?

ಬಣ್ಣ ಬಿದ್ದದ್ದು ಪಶ್ಚಿಮದ ಮಗ್ಗುಲಿಗೆ. ಅಲ್ಲಿಯೂ ಅದು ಪೂರ್ತಿ ನಿರ್ಭಯದ ಕೆಲಸವಲ್ಲ. ಪೂರ್ವದವರು ಗೋಡೆಯನ್ನು ತಮ್ಮ ಗಡಿಗೆರೆಯಿಂದ ಕೆಲವು ಮೀಟರ್ ಒಳಗೆ ಕಟ್ಟಿದ್ದರು. ಹಾಗಾಗಿ ಪಶ್ಚಿಮದಿಂದ ಬಂದು ಗೋಡೆ ಮುಟ್ಟಿದವನು ಆಗಲೇ ಪೂರ್ವ ಜರ್ಮನಿಯ ನೆಲದಲ್ಲಿ ನಿಂತಿರುತ್ತಿದ್ದ. ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಬಾಗಿಲುಗಳಿದ್ದವು; ಕಾವಲು ಸೈನಿಕರು ಅದರಿಂದ ಹೊರಬಂದು ಹಿಡಿದುಕೊಂಡು ಹೋಗಬಹುದಿತ್ತು.

1984ರ ಏಪ್ರಿಲಿನಲ್ಲಿ ಟಿಯೆರಿ ನುವಾರ್ ಎಂಬ ಫ್ರಾನ್ಸಿನ ತರುಣ ತನ್ನ ಮನೆಯ ಎದುರಿಗಿದ್ದ ಗೋಡೆಗೆ ಬಣ್ಣ ಹಚ್ಚಲು ತೊಡಗಿದ. ದಪ್ಪ ತುಟಿಯ, ಉದ್ದ ತಲೆಯ ಮುಖಗಳು. ಎರಡು ಮೂರು ಬಣ್ಣ. ಸೈನಿಕರು ಬರುವುದರೊಳಗೆ ಮುಗಿಸಬೇಕು, ಆದ್ದರಿಂದ ಚಿತ್ರ ಸರಳವಾಗಿರಲೇಬೇಕು. ಅವನ ಶೈಲಿ ಹುಟ್ಟಿದ್ದು ಓಟದ ಭಯದಿಂದ. ಚಿತ್ರ ಬರೆದರೆ ಗೋಡೆ ಸುಂದರವಾಗುತ್ತದೆ ಎಂಬ ಭ್ರಮೆ ಅವನಿಗೂ ಇರಲಿಲ್ಲ. ವಿಮ್ ವೆಂಡರ್ಸ್ ನಿರ್ದೇಶಿಸಿದ ‘ವಿಂಗ್ಸ್ ಆಫ್ ಡಿಸೈರ್’ (1987) ಚಲನಚಿತ್ರದಲ್ಲಿ ಆ ಮುಖಗಳನ್ನು ಇಂದಿಗೂ ಕಾಣಬಹುದು.

1986ರ ಅಕ್ಟೋಬರಿನಲ್ಲಿ ಅಮೆರಿಕದ ಹೆಸರಾಂತ ಚಿತ್ರಕಾರ ಕೀತ್ ಹೇರಿಂಗ್ ಬಂದ. ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿದ್ವಾರದ ಹತ್ತಿರ ಸುಮಾರು ನೂರು ಮೀಟರ್ ಗೋಡೆಗೆ ಹಳದಿ ಬಳಿದು, ಅದರ ಮೇಲೆ ಕೆಂಪು ಮತ್ತು ಕಪ್ಪು ಬಣ್ಣದ ಮನುಷ್ಯರು ಒಬ್ಬರ ಕೈಕಾಲು ಒಬ್ಬರು ಹಿಡಿದಿರುವ ಸರಪಳಿ ಬರೆದ. ಮೂರೂ ಎರಡು ಜರ್ಮನಿಗಳ ಧ್ವಜದ ಬಣ್ಣಗಳು. ಪತ್ರಿಕೆಯವರು ಬಂದರು, ಟೆಲಿವಿಷನ್ನಿನವರು ಬಂದರು. ಒಂದೆರಡು ದಿನಗಳಲ್ಲಿ ಯಾರೋ ಅದರ ಮೇಲೆ ಬೂದು ಬಣ್ಣ ಎಳೆದರು. ಬೇರೆಯವರು ಬಂದು ತಮ್ಮ ಚಿತ್ರ ಬರೆದರು. ಕೆಲವು ತಿಂಗಳಲ್ಲಿ ಲೋಕಪ್ರಸಿದ್ಧ ಕಲಾವಿದನ ಕೆಲಸದ ಗುರುತೇ ಉಳಿಯಲಿಲ್ಲ. ಆ ಗೋಡೆಯ ನಿಯಮವೇ ಹಾಗೆ. ಚುನಾವಣೆಯ ಕಾಲದಲ್ಲಿ ನಮ್ಮೂರುಗಳಲ್ಲಿ ಒಂದು ಪಕ್ಷದ ಗೋಡೆಬರಹದ ಮೇಲೆ ಇನ್ನೊಂದು ಪಕ್ಷದವರು ಸುಣ್ಣ ಬಳಿದು ತಮ್ಮ ಗುರುತು ಬರೆಯುತ್ತಿದ್ದುದನ್ನು ಕಂಡ ಹಿರಿಯರಿಗೆ ಇದು ಹೊಸದೆನಿಸದು.

ಹೇರಿಂಗ್ ಬಂದುಹೋದ ಕೆಲವೇ ದಿನಗಳಿಗೆ, ನವೆಂಬರಿನಲ್ಲಿ, ಅದೇ ಗೋಡೆಯ ಹತ್ತಿರ ಐವರು ತರುಣರು ಮುಖಕ್ಕೆ ಮುಸುಕು ಹಾಕಿಕೊಂಡು ಬಂದರು. ಅವರು ಮೂಲತಃ ಪೂರ್ವ ಜರ್ಮನಿಯ ವೈಮರ್ ಊರಿನವರು, ದೇಶ ಬಿಟ್ಟು ಪಶ್ಚಿಮಕ್ಕೆ ಬಂದವರು. ಅವರ ಕೈಯಲ್ಲಿದ್ದದ್ದು ಬಿಳಿ ಬಣ್ಣ ಮಾತ್ರ. ಬಣ್ಣಬಣ್ಣದ ಚಿತ್ರಗಳ ಮೇಲೆಯೇ ಉದ್ದಕ್ಕೂ ಒಂದೇ ಬಿಳಿ ಗೆರೆ ಎಳೆಯುತ್ತ ಹೊರಟರು. ಕೊಲ್ಲುವ ಗೋಡೆಯನ್ನು ಪಶ್ಚಿಮದವರು ಚಿತ್ರಶಾಲೆಯಂತೆ ನೋಡಿ ನಗುತ್ತಾರಲ್ಲ ಎಂಬ ಸಂಕಟ ಅವರದು. ಇದು ಅಂದದ ವಸ್ತುವಲ್ಲ, ಗಡಿ ಎಂದು ನೆನಪಿಸುವುದೇ ಆ ಗೆರೆಯ ಉದ್ದೇಶ. ಎರಡನೆಯ ದಿನ ಗೋಡೆಯ ಸಣ್ಣ ಬಾಗಿಲು ತೆರೆಯಿತು. ಸೈನಿಕರು ಒಬ್ಬನನ್ನು ಎಳೆದುಕೊಂಡು ಹೋದರು. ಬಿಟ್ಟು ಬಂದ ದೇಶದ ಸೆರೆಮನೆಯನ್ನೇ ಅವನು ಮತ್ತೆ ಸೇರಬೇಕಾಯಿತು. ಬರ್ಲಿನ್ ಗೋಡೆಯ ಚಿತ್ರಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಬೆಲೆ ತೆತ್ತ ಕೆಲಸಗಳಲ್ಲಿ ಇದೂ ಒಂದು. ನೋಡಲು ಅದು ಬರಿಯ ಗೆರೆ.

ಬಿಳಿ ಗೋಡೆಗೆ ಬಣ್ಣ ಬಂದ ವರ್ಷ

1989ರ ನವೆಂಬರ್ 9ರ ರಾತ್ರಿ ಗಡಿ ತೆರೆಯಿತು. ಮರುದಿನದಿಂದಲೇ ಸುತ್ತಿಗೆ, ಉಳಿ ಹಿಡಿದವರು ಗೋಡೆಯನ್ನು ಕುಟ್ಟತೊಡಗಿದರು. ಜರ್ಮನರು ಅವರಿಗೆ ‘ಗೋಡೆಯ ಮರಕುಟಿಗಗಳು’ ಎಂದು ಹೆಸರಿಟ್ಟರು. ಬಣ್ಣವಿದ್ದ ಚೂರಿಗೆ ಬೆಲೆ ಹೆಚ್ಚು. ಚಿತ್ರಗಳಿದ್ದ ಇಡೀ ಹಲಗೆಗಳು 1990ರ ಜೂನಿನಲ್ಲಿ ಮಾಂಟೆ ಕಾರ್ಲೊದಲ್ಲಿ ಹರಾಜಾದವು. ಮಾರಿದವರು ಒಬ್ಬರು, ಬರೆದವರು ಬೇರೊಬ್ಬರು. ನುವಾರ್ ಮತ್ತವನ ಗೆಳೆಯರು ನ್ಯಾಯಾಲಯಕ್ಕೆ ಹೋದರು. ಅನ್ಯರ ಗೋಡೆಯ ಮೇಲೆ ಅನುಮತಿಯಿಲ್ಲದೆ ಬರೆದಿದ್ದರೂ ಚಿತ್ರದ ಬೆಲೆಯಲ್ಲಿ ಚಿತ್ರಕಾರರಿಗೆ ಪಾಲು ಸಲ್ಲಬೇಕು ಎಂದು ಜರ್ಮನಿಯ ಉಚ್ಚ ನ್ಯಾಯಪೀಠ 1995ರಲ್ಲಿ ತೀರ್ಪಿತ್ತಿತು. ಆ ಹೊತ್ತಿಗೆ ಗೋಡೆಯ ಬಹುಪಾಲು ಪುಡಿಯಾಗಿ ರಸ್ತೆಗಳ ಅಡಿ ಸೇರಿತ್ತು.

ಇತ್ತ ಗಿರಣಿ ಬೀದಿಯ ಬಿಳಿ ಗೋಡೆ ಇನ್ನೂ ನಿಂತಿತ್ತು. ಸ್ಕಾಟ್ಲೆಂಡಿನ ಕ್ರಿಸ್ಟೀನ್ ಮೆಕ್ಲೀನ್ ಎಂಬಾಕೆ ಮುಂದೆ ನಿಂತು ಚಿತ್ರಕಾರರನ್ನು ಕರೆದರು. 1990ರಲ್ಲಿ 21 ದೇಶಗಳ 118 ಮಂದಿ ಬಂದು ಇಡೀ ಗೋಡೆಯನ್ನು ತುಂಬಿದರು. ಸೆಪ್ಟೆಂಬರ್ 28ರಂದು ಗ್ಯಾಲರಿಯ ಉದ್ಘಾಟನೆ. ಐದು ದಿನಗಳ ನಂತರ, ಅಕ್ಟೋಬರ್ 3ರಂದು, ಎರಡು ಜರ್ಮನಿಗಳು ಒಂದಾದವು. ಎಂದರೆ ಈ ಚಿತ್ರಗಳು ಗೋಡೆಯನ್ನು ಬೀಳಿಸಲು ಬರೆದವಲ್ಲ, ಬಿದ್ದ ಸಂತೋಷಕ್ಕೆ, ಮುಂದೇನಾಗುವುದೋ ಎಂಬ ಆತಂಕಕ್ಕೆ ಬರೆದವು. ಮೊದಲು ಹೇಳಿದ ನಿಜ ಸಂಗತಿ ಇದೇ.

ಮಾಸ್ಕೋದಿಂದ ಬಂದ ಡಿಮಿತ್ರಿ ವ್ರೂಬೆಲ್ ಬರೆದದ್ದು ಎಲ್ಲರೂ ಬಲ್ಲ ಚಿತ್ರ. ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಕಣ್ಣು ಮುಚ್ಚಿ ತುಟಿಗೆ ತುಟಿಯಿಟ್ಟು ಮುತ್ತು ಕೊಡುತ್ತಿದ್ದಾರೆ. ಇದು ಕಲ್ಪನೆಯಲ್ಲ. ಕಮ್ಯುನಿಸ್ಟ್ ನಾಯಕರಲ್ಲಿ ಅದು ಸೋದರಭಾವದ ವಂದನೆ. 1979ರಲ್ಲಿ ಪೂರ್ವ ಜರ್ಮನಿಯ 30ನೆಯ ವಾರ್ಷಿಕೋತ್ಸವದಂದು ಫ್ರಾನ್ಸಿನ ಛಾಯಾಗ್ರಾಹಕ ರೆಜಿಸ್ ಬೊಸ್ಸು ತೆಗೆದ ಫೋಟೊವನ್ನೇ ವ್ರೂಬೆಲ್ ಆಳೆತ್ತರ ಮೀರಿ ಹಿಗ್ಗಿಸಿದ. ‘ದೇವರೇ, ಈ ಮಾರಕ ಪ್ರೀತಿಯಿಂದ ಬದುಕಿ ಉಳಿಯಲು ನನಗೆ ನೆರವಾಗು’ ಎಂಬುದು ಚಿತ್ರದ ಹೆಸರು.

ಇನ್ನೊಂದು ಬೀರ್ಗಿಟ್ ಕಿಂಡರ್ ಎಂಬಾಕೆಯ ಚಿತ್ರ. ಪೂರ್ವ ಜರ್ಮನಿಯ ಬಡವರ ಕಾರು ಟ್ರಾಬಾಂಟ್ ಗೋಡೆಯನ್ನು ಒಡೆದುಕೊಂಡು ಹೊರಗೆ ನುಗ್ಗುತ್ತಿದೆ. ಕಾರಿನ ಮೈಗೆ ಒಂದು ಗೀರೂ ಇಲ್ಲ! ನಂಬರ್ ಪ್ಲೇಟಿನ ಮೇಲೆ ನವೆಂಬರ್ 9-89 ಎಂದಿದೆ. ಇರಾನಿನಲ್ಲಿ ಹುಟ್ಟಿದ ಕಾನಿ ಅಲಾವಿಯ ಚಿತ್ರದಲ್ಲಿ ಗೋಡೆಯ ಬಿರುಕಿನಿಂದ ಸಾವಿರಾರು ಮುಖಗಳು ಪ್ರವಾಹದಂತೆ ಹೊರಗೆ ಹರಿಯುತ್ತವೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ನಗುವ ಮುಖಗಳಲ್ಲ. ಕೆಲವರಲ್ಲಿ ಗಾಬರಿ, ಕೆಲವರಲ್ಲಿ ಅನುಮಾನ. ಅಂದು ರಾತ್ರಿ ಗಡಿ ದಾಟಿದವರಿಗೆ ನಾಳೆ ಏನೆಂದು ಯಾರಿಗೆ ಗೊತ್ತಿತ್ತು?

ಉಳಿಸಲು ಅಳಿಸಿದರು

1991ರಲ್ಲಿ ಸರ್ಕಾರ ಈ ಗೋಡೆಯನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು. ಕಾಗದದ ಮೇಲಿನ ರಕ್ಷಣೆ ಮಳೆಗೆ, ಹಿಮಕ್ಕೆ ಗೊತ್ತಾಗಬೇಕಲ್ಲ. ಮುಂದೆ ಸದಾ ವಾಹನಗಳ ಹೊಗೆ, ಹಿಂದೆ ನದಿಯ ತೇವ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿತು. ಮೇಲಿನ ಪದರ ಸಿಪ್ಪೆಯಂತೆ ಎದ್ದಿತು. ನೆನಪಿಗೆಂದು ಚೂರು ಕೆತ್ತಿಕೊಂಡು ಹೋದವರು ಹಲವರು. ಚಿತ್ರದ ಮೇಲೆಯೇ ತಮ್ಮ ಹೆಸರು, ಊರು, ಪ್ರೇಮಿಯ ಹೆಸರು ಬರೆದು ಹೋದವರಿಗಂತೂ ಲೆಕ್ಕವಿಲ್ಲ. ವ್ರೂಬೆಲ್‌ನ ನಾಯಕರ ಕೆನ್ನೆಯ ಮೇಲೆ ಸಹಿಗಳು ತುಂಬಿ ಹೋದವು. ಬಾಗಿಲಿಲ್ಲದ ಚಿತ್ರಶಾಲೆಯ ಸುಖವೂ ಕಷ್ಟವೂ ಇದೇ.

2009ರಲ್ಲಿ, ಗೋಡೆ ಬಿದ್ದ 20ನೆಯ ವರ್ಷದ ನೆನಪಿಗೆ, ದೊಡ್ಡ ದುರಸ್ತಿ ನಡೆಯಿತು. ದುರಸ್ತಿಯ ಬಗೆ ಸೋಜಿಗದ್ದು. ಹಳೆಯ ಚಿತ್ರಗಳನ್ನು ಪೂರ್ತಿ ಉಜ್ಜಿ ತೆಗೆದರು. ಕಾಂಕ್ರೀಟು ಸರಿಪಡಿಸಿ ಮೇಲೆ ಬಿಳಿ ಲೇಪ ಹಾಕಿದರು. ಹಾಗೆ ಕೆಲವು ಕಾಲ ಗೋಡೆ 1989ಕ್ಕೆ ಮುಂಚೆ ಹೇಗಿತ್ತೋ ಹಾಗೆ ಬೆಳ್ಳಗೆ ನಿಂತಿತು. ಆಮೇಲೆ 1990ರ ಚಿತ್ರಕಾರರನ್ನೇ ಕರೆಸಿ ‘ನಿಮ್ಮ ಚಿತ್ರವನ್ನು ನೀವೇ ಮತ್ತೆ ಬರೆಯಿರಿ’ ಎಂದರು. ಒಬ್ಬೊಬ್ಬರಿಗೆ 3000 ಯೂರೊ ಸಂಭಾವನೆ. ವ್ರೂಬೆಲ್ ಒಪ್ಪಿ, ಬಾಳಿಕೆ ಬರುವ ಬಣ್ಣದಲ್ಲಿ ತನ್ನ ಮುತ್ತಿನ ಚಿತ್ರವನ್ನು ಮತ್ತೆ ಬರೆದ. ಅಲಾವಿ ಈ ಕೆಲಸಕ್ಕೆ ಮುಂದಾಳಾಗಿ ನಿಂತ. ಕಿಂಡರ್ ತನ್ನ ಕಾರನ್ನು ಮತ್ತೆ ಓಡಿಸಿದರು. ಹಿಂದೆ ಆ ಚಿತ್ರದ ಹೆಸರು ‘ಟೆಸ್ಟ್ ದ ಬೆಸ್ಟ್’ ಎಂದಿದ್ದದ್ದು ಈಗ ‘ಟೆಸ್ಟ್ ದ ರೆಸ್ಟ್’ ಎಂದಾಗಿದೆ. ಶ್ರೇಷ್ಠವಾದದ್ದನ್ನು ಪರೀಕ್ಷಿಸಿ ಎಂದಿದ್ದದ್ದು, ಉಳಿದದ್ದನ್ನು ಪರೀಕ್ಷಿಸಿ ಎಂದಾಯಿತು. ಒಂದಕ್ಷರ ಕಳೆದು ಒಂದಕ್ಷರ ಸೇರಿದ್ದರಲ್ಲಿ ಇಪ್ಪತ್ತು ವರ್ಷ ಅಡಗಿದೆ.

ಕೆಲವರು ಒಪ್ಪಲಿಲ್ಲ. ಚಿತ್ರಕಾರ ಬೋಡೊ ಸ್ಪೆರ್ಲಿಂಗ್ ಮತ್ತಿತರರು, ತಮ್ಮನ್ನು ಕೇಳದೆ ಮೂಲ ಚಿತ್ರವನ್ನು ನಾಶ ಮಾಡಿದ್ದೇ ತಪ್ಪು, ಮೇಲೆ ನಕಲು ಬರೆಯುವುದು ಇನ್ನೊಂದು ತಪ್ಪು ಎಂದು ವಾದಿಸಿದರು. ಅವರ ಮಾತಿನಲ್ಲಿ ತೂಕವಿದೆ. ದುರಸ್ತಿ ಮಾಡಿದವರ ಮಾತಿನಲ್ಲೂ ತೂಕವಿಲ್ಲದಿಲ್ಲ. ಹಾಗೆಯೇ ಬಿಟ್ಟಿದ್ದರೆ ಇನ್ನು ಕೆಲವು ವರ್ಷಗಳಲ್ಲಿ ನೋಡಲು ತುಕ್ಕು ಹಿಡಿದ ಸರಳುಗಳಷ್ಟೇ ಉಳಿಯುತ್ತಿದ್ದವು.

ನಮ್ಮ ಮನೆಗಳ ಮುಂದೆ ಬೆಳಗ್ಗೆ ಹಾಕಿದ ರಂಗೋಲಿ ಸಂಜೆಗೆ ಕಾಲಿಗೆ ಸಿಕ್ಕಿ ಮಾಸುತ್ತದೆ. ಅದಕ್ಕೆ ಯಾರೂ ಅಳುವುದಿಲ್ಲ. ಮರುದಿನ ಅಂಗಳ ಸಾರಿಸಿ ಅದೇ ಚುಕ್ಕಿ ಇಟ್ಟು ಅದೇ ಎಳೆ ಎಳೆಯುತ್ತಾರೆ. ರಂಗೋಲಿಗೆ ಇದು ಸಲ್ಲುತ್ತದೆ, ಏಕೆಂದರೆ ಅದು ಪ್ರತಿದಿನದ ಶುಭಕ್ಕೆ ಹಾಕುವಂಥದ್ದು. 1990ರ ಚಿತ್ರ ಒಂದು ವರ್ಷದ ಉಸಿರು. ಬರೆದ ಕೈಗೆ ಆಗ ಮೂವತ್ತು ವರ್ಷವಾಗಿದ್ದರೆ ಮತ್ತೆ ಬರೆಯುವಾಗ ಅದಕ್ಕೆ ಐವತ್ತು. ಎಳೆ ಅದೇ ಇರಬಹುದು, ಎಳೆಯುವಾಗಿನ ನಡುಕ ಮತ್ತೆ ಬರುವುದಿಲ್ಲ. ಇಂದು ಗಿರಣಿ ಬೀದಿಯಲ್ಲಿ ನಿಂತವರು ನೋಡುವ ಗೋಡೆ ಸೆರೆಯ ಕಾಲದ್ದು, ಚಿತ್ರದ ಕಲ್ಪನೆ 1990ರದ್ದು, ಕಣ್ಣಿಗೆ ಬೀಳುವ ಬಣ್ಣ 2009ರ ಅಥವಾ ಅದರ ಆಚೆಯದ್ದು. ಮೂರು ಕಾಲ ಒಂದೇ ಹಲಗೆಯ ಮೇಲಿದೆ.

ಗೋಡೆ ಉಳಿಸಿ ಎಂಬ ಕೂಗು

2013ರ ಮಾರ್ಚಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಗೋಡೆಯ ಹಿಂದೆ, ನದಿಯ ದಡದಲ್ಲಿ, ಶ್ರೀಮಂತರ ವಾಸದ ಗೋಪುರವೊಂದನ್ನು ಕಟ್ಟಲು ಕಂಪನಿಯೊಂದು ಹೊರಟಿತು. ದಾರಿಗಾಗಿ ಕೆಲವು ಹಲಗೆಗಳನ್ನು ತೆಗೆಯಬೇಕಿತ್ತು. ಸಾವಿರಾರು ಜನ ಬೀದಿಗಿಳಿದು ‘ಗೋಡೆ ಉಳಿಸಿ’ ಎಂದು ಅಡ್ಡ ನಿಂತರು. ಅಮೆರಿಕದ ನಟ, ಗಾಯಕ ಡೇವಿಡ್ ಹ್ಯಾಸೆಲ್‌ಹಾಫ್ ಕೂಡ ಬಂದು ಅವರ ಜೊತೆ ನಿಂತ. ಕೊನೆಗೆ ಒಂದು ದಿನ ನಸುಕಿನಲ್ಲಿ, ಪೊಲೀಸರ ಕಾವಲಿನಲ್ಲಿ, ಹಲಗೆಗಳನ್ನು ತೆಗೆದರು. ಗೋಪುರವೂ ಎದ್ದು ನಿಂತಿತು.

24 ವರ್ಷಗಳ ಹಿಂದೆ ‘ಗೋಡೆ ಬೀಳಿಸಿ’ ಎಂದು ಕೂಗಿದ ಊರು ಈಗ ‘ಗೋಡೆ ಉಳಿಸಿ’ ಎಂದು ಕೂಗಿತು. ಆ ಎರಡು ಕೂಗಿಗೂ ಮೂಲ ಒಂದೇ. ನಮ್ಮ ಊರಿನ ನೆಲದ ಮೇಲೆ ಏನಿರಬೇಕು, ಏನಿರಬಾರದು ಎಂದು ನಮ್ಮನ್ನು ಕೇಳದೆ ಯಾರೋ ತೀರ್ಮಾನಿಸಬಾರದು ಎಂಬ ಹಟ ಅದು. ಮೊದಲು ಹಾಗೆ ತೀರ್ಮಾನಿಸಿದ್ದು ಸರ್ಕಾರ, ಈಗ ಹಣ. 2018ರ ನವೆಂಬರಿನಲ್ಲಿ ಬರ್ಲಿನ್ನಿನ ಶಾಸನಸಭೆ ಈ ಗೋಡೆಯನ್ನು ಬರ್ಲಿನ್ ಗೋಡೆ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧರಿಸಿತು. ಅಂದಿನಿಂದ ಅದರ ಜೋಪಾನ, ವಿವರಣೆಯ ಫಲಕ, ಶಾಲಾ ಮಕ್ಕಳಿಗೆ ತಿಳಿವಳಿಕೆ ಎಲ್ಲವೂ ಆ ಸಂಸ್ಥೆಯದೇ ಹೊಣೆ.

ಸೇತುವೆಯ ಆಚೆ ಒಂದು ಕಪ್ಪು ಗೋಡೆ

ಓಬರ್‌ಬಾಮ್ ಸೇತುವೆ ದಾಟಿ ಕ್ರಾಯ್ಟ್ಸ್‌ಬರ್ಗಿಗೆ ಕಾಲಿಟ್ಟು ಕೆಲವು ನಿಮಿಷ ನಡೆದರೆ ಕುವ್ರಿಸ್ಟ್ರಾಸೆ ಎಂಬ ಬೀದಿ. ಅಲ್ಲಿಯ ಒಂದು ಖಾಲಿ ನಿವೇಶನದ ಅಂಚಿನ ಎರಡು ಕಟ್ಟಡಗಳ ಪಕ್ಕದ ಗೋಡೆಗಳ ಮೇಲೆ ‘ಬ್ಲೂ’ ಎಂಬ ಹೆಸರಿನಿಂದಷ್ಟೇ ಪರಿಚಿತನಾದ ಇಟಲಿಯ ಚಿತ್ರಕಾರ 2007 ಮತ್ತು 2008ರಲ್ಲಿ ಎರಡು ಭಾರಿ ಚಿತ್ರಗಳನ್ನು ಬರೆದಿದ್ದ. ಒಂದರಲ್ಲಿ ಇಬ್ಬರು ಒಬ್ಬರ ಮುಖವಾಡವನ್ನು ಇನ್ನೊಬ್ಬರು ಕಿತ್ತುತ್ತಿದ್ದರು; ಅವರ ಬೆರಳುಗಳು ಪೂರ್ವ, ಪಶ್ಚಿಮ ಎಂಬ ಅಕ್ಷರ ಸಂಕೇತಗಳನ್ನು ತೋರಿಸುತ್ತಿದ್ದವು. ಇನ್ನೊಂದರಲ್ಲಿ ತಲೆಯಿಲ್ಲದ ಒಬ್ಬ ಮನುಷ್ಯ ಟೈ ಸರಿಪಡಿಸಿಕೊಳ್ಳುತ್ತಿದ್ದ. ಎರಡೂ ಕೈಗೆ ಚಿನ್ನದ ಗಡಿಯಾರ, ಗಡಿಯಾರಗಳ ನಡುವೆ ಸರಪಳಿ. ನೋಡಿದರೆ ಒಡವೆ, ನಿಜದಲ್ಲಿ ಬೇಡಿ.

ಚಿತ್ರಗಳು ಜಗತ್ತಿಗೆಲ್ಲ ಗೊತ್ತಾದವು, ಪ್ರವಾಸಿಗರು ಹುಡುಕಿಕೊಂಡು ಬಂದರು. ಬಡವರೂ ಕಲಾವಿದರೂ ಇದ್ದ ಆ ಬಡಾವಣೆಯ ಬಾಡಿಗೆ ಏರತೊಡಗಿತು. ಖಾಲಿ ನಿವೇಶನದಲ್ಲಿ ಗುಡಿಸಲು ಹಾಕಿಕೊಂಡಿದ್ದವರನ್ನು 2014ರಲ್ಲಿ ತೆರವು ಮಾಡಲಾಯಿತು. ಹಣದ ಬೇಡಿಯನ್ನು ಅಣಕಿಸಿದ ಚಿತ್ರವೇ ನೆಲದ ಬೆಲೆ ಏರಿಸುವ ಅಲಂಕಾರವಾಗುವ ಹೊತ್ತು ಬಂತು. ಆಗ, 2014ರ ಡಿಸೆಂಬರಿನ ಒಂದು ರಾತ್ರಿ, ಬ್ಲೂನ ಒಪ್ಪಿಗೆಯಿಂದಲೇ ಅವನ ಜೊತೆಯವರು ಎರಡೂ ಚಿತ್ರಗಳ ಮೇಲೆ ಕಪ್ಪು ಬಣ್ಣ ಬಳಿದರು. ಬೆಳಗ್ಗೆ ಎದ್ದವರು ಕಂಡದ್ದು ಬರಿಯ ಕಪ್ಪು. ಯಾರ ದುಷ್ಟತನ ಇದು ಎಂದು ಕೆಲವರು ಬೈದರು. ಬ್ಲೂನ ಜೊತೆ ಕೆಲಸ ಮಾಡಿದ್ದ ಲುಟ್ಸ್ ಹೆಂಕೆ ಮುಂದೆ ಬಂದು, ಇದು ತಮ್ಮದೇ ಕೆಲಸ, ನಗರ ಬದಲಾಗುತ್ತಿರುವ ಬಗೆಗೆ ತಮ್ಮ ಪ್ರತಿಭಟನೆ ಎಂದು ಪತ್ರಿಕೆಯಲ್ಲಿ ಬರೆದರು. ಆ ನಿವೇಶನದಲ್ಲಿ ಆಮೇಲೆ ಹೊಸ ಕಟ್ಟಡಗಳು ಎದ್ದವು.

ನದಿಯ ಈಚೆ ದಡದಲ್ಲಿ ಚಿತ್ರ ಉಳಿಯಲೆಂದು ಅಳಿಸಿ ಮತ್ತೆ ಬರೆದರು. ಆಚೆ ದಡದಲ್ಲಿ ಚಿತ್ರದ ಅರ್ಥ ಉಳಿಯಲೆಂದು ಅಳಿಸಿ ಹಾಗೆಯೇ ಬಿಟ್ಟರು. ಯಾವುದು ಸರಿ? ಬರ್ಲಿನ್ನಿನವರೇ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಗೋಡೆ ನೋಡದ ಮಕ್ಕಳಿಗೆ ತೋರಿಸಲು ಏನಾದರೂ ಇರಲೇಬೇಕು ಎನ್ನುವವರ ಮಾತು ಒಪ್ಪತಕ್ಕದ್ದೇ. ಪ್ರತಿಭಟನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಪ್ರತಿಭಟನೆಯಾಗಿ ಉಳಿಯದು ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಒಂದು ಮಾತು ಮಾತ್ರ ಖಂಡಿತ. ಬೀದಿಯ ರಾಜಕೀಯ ಚಿತ್ರವನ್ನು ಓದುವವರು ಅಲ್ಲಿ ಇರುವುದನ್ನಷ್ಟೇ ಓದಿದರೆ ಸಾಲದು. ಅಳಿಸಿದ್ದನ್ನೂ ಓದಬೇಕು, ಎಂದೂ ಬರೆಯಲಾಗದೆ ಖಾಲಿ ಉಳಿದದ್ದನ್ನೂ ಓದಬೇಕು. 1989ರವರೆಗೆ ಬೆಳ್ಳಗೆ ನಿಂತ ಗಿರಣಿ ಬೀದಿಯ ಗೋಡೆ ಯಾವ ಚಿತ್ರಕ್ಕೂ ಕಡಿಮೆಯಿಲ್ಲದ ಸಾಕ್ಷಿ.

ನೋಡಹೋಗುವವರಿಗೆ

ಓದಿಗೋ ಕೆಲಸಕ್ಕೋ ಜರ್ಮನಿಗೆ ಹೋಗುವ ಮಕ್ಕಳು, ಅವರನ್ನು ನೋಡಲು ಹೋಗುವ ತಂದೆತಾಯಿಗಳು ಬರ್ಲಿನ್ನಿಗೆ ಹೋದಾಗ ಈ ತಾಣವನ್ನು ಬೆಳಗಿನ ಹೊತ್ತು ನೋಡುವುದು ಒಳ್ಳೆಯದು, ಜನಜಂಗುಳಿ ಕಡಿಮೆ. ಗೋಡೆಯ ಮೇಲೆ ಏನನ್ನೂ ಬರೆಯಬಾರದು, ಚೂರು ಕೀಳಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮುತ್ತಿನ ಚಿತ್ರದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಗೋಡೆಯ ಹಿಂಬದಿಗೂ ಹೋಗಿ, ನದಿಗೆ ಮುಖ ಮಾಡಿ ಐದು ನಿಮಿಷ ನಿಲ್ಲಬೇಕು. ಹಿಂದೆ ಯಾರೂ ನಿಲ್ಲಲಾಗದಿದ್ದ ನೆಲ ಅದು. ಚಿತ್ರದ ಮುಂದೆ ನಿಂತಾಗ ಮಕ್ಕಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ಯಾರು ಬರೆದರು, ಯಾವಾಗ ಬರೆದರು, ಗೋಡೆ ಯಾರದು, ಬರೆದವರಿಗೆ ಆಗ ಏನು ಭಯವಿತ್ತು? ಈ ನಾಲ್ಕು ಪ್ರಶ್ನೆ ಬರ್ಲಿನ್ನಿಗೆ ಮಾತ್ರವಲ್ಲ, ನಮ್ಮ ಕಾಲೇಜಿನ ಎದುರಿನ ಗೋಡೆಬರಹಕ್ಕೂ ಸಲ್ಲುತ್ತವೆ.

ವ್ರೂಬೆಲ್ 2022ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿಯೇ ತೀರಿಕೊಂಡ. ಮುಂದೆ ಮುತ್ತಿನ ಚಿತ್ರ ಮಾಸಿದಾಗ ಅದನ್ನು ಮತ್ತೆ ಬರೆಯಲು ಮೂಲ ಕೈ ಇಲ್ಲ. ಉಳಿದ ಚಿತ್ರಕಾರರೂ ಒಬ್ಬೊಬ್ಬರಾಗಿ ಮುಪ್ಪಾಗುತ್ತಿದ್ದಾರೆ. ಗೋಡೆ ನಿಂತದ್ದು 28 ವರ್ಷ. 2018ರ ಫೆಬ್ರವರಿಯಲ್ಲಿ, ಗೋಡೆ ಇಲ್ಲದ ದಿನಗಳ ಲೆಕ್ಕ ಗೋಡೆ ಇದ್ದ ದಿನಗಳನ್ನು ಮೀರಿತು. ನಗರದ ನಡುವೆ ಗೋಡೆಯಿದ್ದ ಕಡೆ ಈಗ ರಸ್ತೆಯಲ್ಲಿ ಎರಡು ಸಾಲು ಕಲ್ಲು ಹಾಸಿದ್ದಾರೆ. ಬಸ್ಸುಗಳು, ಸೈಕಲ್ಲುಗಳು ಅದರ ಮೇಲೆ ಹಾದುಹೋಗುತ್ತವೆ. ಶಾಲೆಗೆ ಹೊರಟ ಮಕ್ಕಳು ಚೀಲ ಬೆನ್ನಿಗೇರಿಸಿಕೊಂಡು, ಕಾಲಡಿ ನೋಡದೆ, ಮಾತಾಡುತ್ತ ದಾಟಿ ಹೋಗುತ್ತಾರೆ.